ಲೀಡಿನ ತುದಿ ಎಲ್ಲಿ ನೆಲೆಸಬೇಕು: ಪೇಸ್‌ಮೇಕರ್ ಅಳವಡಿಕೆಯ ಆರು ದಶಕಗಳು

ಹೃದಯದ ಬಡಿತ ಅತಿಯಾಗಿ ನಿಧಾನವಾದಾಗ ಅದಕ್ಕೆ ವಿದ್ಯುತ್ ಪ್ರಚೋದನೆ ಒದಗಿಸುವ ಸಾಮಾನ್ಯ ಪೇಸ್‌ಮೇಕರಿನಲ್ಲಿ ಎರಡು ಭಾಗಗಳಿರುತ್ತವೆ: ಕೊರಳೆಲುಬಿನ ಕೆಳಗೆ ಚರ್ಮದಡಿಯಲ್ಲಿ ಕೂರುವ, ಬ್ಯಾಟರಿ ಮತ್ತು ಸರ್ಕಿಟ್ ಅಡಗಿರುವ ಲೋಹದ ಡಬ್ಬಿ, ಅಲ್ಲಿಂದ ಅಭಿಧಮನಿಯ ಮೂಲಕ ಹೃದಯದೊಳಗೆ ಇಳಿಯುವ, ಲೀಡ್ ಎಂದು ಕರೆಯಲಾಗುವ ಹೊದಿಕೆಯುಳ್ಳ ತಂತಿ. ಡಬ್ಬಿ ಕಿರಿದಾಗುತ್ತ, ಜಾಣವಾಗುತ್ತ ಬಂದ ಕಥೆ ಹಲವು ಬಾರಿ ಬರೆಯಲ್ಪಟ್ಟಿದೆ. ಆದರೆ ರೋಗಿಯ ಹೃದಯ ಮುಂದಿನ ಹತ್ತಾರು ವರ್ಷ ಹೇಗೆ ಬಾಳುತ್ತದೆ ಎಂಬುದರಲ್ಲಿ ಲೀಡಿನ ತುದಿ ನೆಲೆಸಿದ ಜಾಗಕ್ಕೂ ದೊಡ್ಡ ಪಾಲಿದೆ ಎಂಬ ಅರಿವು ವೈದ್ಯಲೋಕದಲ್ಲಿ ಬೇರೂರಿದ್ದು ತೀರ ತಡವಾಗಿ. ಅಲ್ಲಿಯವರೆಗೆ ಜಾಗವನ್ನು ನಿರ್ಧರಿಸಿದ್ದು ಬಹುಮಟ್ಟಿಗೆ ಕೈಗೆ ಸುಲಭವಾಗಿ ಸಿಗುವ ಅನುಕೂಲವೇ.

ಆರೋಗ್ಯವಂತ ಹೃದಯದಲ್ಲಿ ಬಲ ಹೃತ್ಕರ್ಣದ ಸೈನಸ್ ನೋಡ್‌ನಲ್ಲಿ ಹುಟ್ಟುವ ಪ್ರಚೋದನೆಯು ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಎವಿ ನೋಡ್‌ನಲ್ಲಿ ಕ್ಷಣಕಾಲ ತಡೆದು, ಹಿಸ್ ಕಟ್ಟು ಎಂಬ ತೆಳುವಾದ ನಾರುಗುಚ್ಛಕ್ಕೆ ದಾಟಿ, ಅಲ್ಲಿಂದ ಎಡ ಮತ್ತು ಬಲ ಕವಲುಗಳಾಗಿ ಒಡೆದು, ಪರ್ಕಿಂಜೆ ತಂತುಗಳ ಜಾಲದ ಮೂಲಕ ಎರಡೂ ಹೃತ್ಕುಕ್ಷಿಗಳಿಗೆ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹಬ್ಬುತ್ತದೆ. ಸೈನಸ್ ನೋಡ್ ಸೋತಾಗ ಅಥವಾ ಎವಿ ನೋಡ್ ಮತ್ತು ಹಿಸ್ ಕಟ್ಟಿನ ಹಾದಿಯಲ್ಲಿ ತಡೆ ಉಂಟಾದಾಗ ಬಡಿತ ನಿಧಾನವಾಗುತ್ತದೆ. ಮೊದಲನೆಯ ಸಂದರ್ಭದಲ್ಲಿ ಹೃತ್ಕರ್ಣಕ್ಕೆ ಮಾತ್ರ ಪ್ರಚೋದನೆ ಕೊಟ್ಟರೂ ಬಹಳಷ್ಟು ಸಲ ಸಾಕಾಗುತ್ತದೆ; ಎರಡನೆಯದರಲ್ಲಿ ಹೃತ್ಕುಕ್ಷಿಯನ್ನೇ ಪ್ರಚೋದಿಸುವುದು ಅನಿವಾರ್ಯ. ಲೀಡಿನ ನೆಲೆ ಕುರಿತ ವಿವಾದವೆಲ್ಲ ಈ ಎರಡನೆಯ ಗುಂಪಿನ ರೋಗಿಗಳ ಸುತ್ತ ಬೆಳೆದದ್ದು.

1958ರ ಅಕ್ಟೋಬರ್‌ನಲ್ಲಿ ಸ್ಟಾಕ್‌ಹೋಮಿನ ಕರೋಲಿನ್‌ಸ್ಕಾದಲ್ಲಿ ಶಸ್ತ್ರಚಿಕಿತ್ಸಕ ಓಕೆ ಸೆನ್ನಿಂಗ್, ಎಂಜಿನಿಯರ್ ರೂನ್ ಎಲ್ಮ್‌ಕ್ವಿಸ್ಟ್ ರೂಪಿಸಿದ ಸಾಧನವನ್ನು ಆರ್ನೆ ಲಾರ್ಸನ್ ಅವರ ದೇಹದೊಳಗೆ ಅಳವಡಿಸಿದಾಗ, ಎದೆಗೂಡನ್ನು ತೆರೆದು ಹೃದಯದ ಹೊರಮೈಗೆ ತಂತಿಯನ್ನು ಹೊಲಿಯಬೇಕಾಯಿತು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಸೀಮೋರ್ ಫರ್ಮನ್ ಅಭಿಧಮನಿಯ ಮೂಲಕ ತಂತಿಯನ್ನು ಬಲ ಹೃತ್ಕುಕ್ಷಿಯ ಒಳಮೈಗೆ ತಲುಪಿಸಿ, ಎದೆ ತೆರೆಯದೆಯೂ ಹೃದಯವನ್ನು ನಡೆಸಬಹುದು ಎಂದು ತೋರಿಸಿದರು. ಎರಡನೆಯ ಹಾದಿಯೇ ಗೆದ್ದಿತು. ಆ ಹಾದಿಯಲ್ಲಿ ಇಳಿದ ತಂತಿ ತ್ರಿದಳ ಕವಾಟ ದಾಟಿ ತಾನಾಗಿಯೇ ಹೋಗಿ ನಿಲ್ಲುವುದು ಬಲ ಹೃತ್ಕುಕ್ಷಿಯ ತುದಿಯಲ್ಲಿ. ಅಲ್ಲಿನ ಸ್ನಾಯುಎಳೆಗಳ ಜಾಲರಿಯಲ್ಲಿ ಲೀಡಿನ ಪುಟ್ಟ ಕೊಕ್ಕೆಗಳು ಸಿಕ್ಕಿಕೊಂಡರೆ ಅದು ಜಾರುವುದು ಅಪರೂಪ. ಕಡಿಮೆ ವಿದ್ಯುತ್ತಿಗೇ ಸ್ನಾಯು ಸ್ಪಂದಿಸುತ್ತಿತ್ತು, ರೋಗಿ ತಲೆಸುತ್ತಿ ಬೀಳುವುದು ನಿಲ್ಲುತ್ತಿತ್ತು. ಹೀಗೆ ಹೃತ್ಕುಕ್ಷಿಯ ತುದಿಯು ದಶಕಗಳ ಕಾಲ ಪ್ರಶ್ನಾತೀತ ನೆಲೆಯಾಯಿತು.

ಪ್ರಶ್ನಿಸಲು ಕಾರಣಗಳಿರಲಿಲ್ಲ ಎಂದಲ್ಲ. ಹೃತ್ಕುಕ್ಷಿಯ ಮೇಲ್ಮೈಗೆ ಕೃತಕ ಪ್ರಚೋದನೆ ಕೊಟ್ಟಾಗ ಸಂಕೋಚನ ಸಹಜ ಬಡಿತದಷ್ಟು ಪರಿಣಾಮಕಾರಿಯಾಗಿರುವುದಿಲ್ಲ ಎಂಬುದನ್ನು ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ಕಾರ್ಲ್ ವಿಗರ್ಸ್ 1925ರಲ್ಲಿಯೇ ಪ್ರಯೋಗಗಳಿಂದ ತೋರಿಸಿದ್ದರು. ತುದಿಯಲ್ಲಿ ಹುಟ್ಟಿದ ಪ್ರಚೋದನೆಗೆ ಪರ್ಕಿಂಜೆ ಜಾಲದ ಲಾಭ ಸಿಗುವುದಿಲ್ಲ. ಹೆದ್ದಾರಿಯನ್ನು ಬಿಟ್ಟು ಗದ್ದೆಯ ಬದುಗಳ ಮೇಲೆ ಸಾಗುವವರಂತೆ ಅದು ಸ್ನಾಯುಕೋಶದಿಂದ ಸ್ನಾಯುಕೋಶಕ್ಕೆ ನಿಧಾನವಾಗಿ ಹಬ್ಬುತ್ತದೆ. ಪರಿಣಾಮವಾಗಿ ಎಡ ಹೃತ್ಕುಕ್ಷಿಯ ಹೊರಗೋಡೆ ಎರಡೂ ಹೃತ್ಕುಕ್ಷಿಗಳ ನಡುಗೋಡೆಗಿಂತ ತಡವಾಗಿ ಕುಗ್ಗುತ್ತದೆ, ಇಸಿಜಿಯಲ್ಲಿ ಹೃತ್ಕುಕ್ಷಿಗಳ ಪ್ರಚೋದನೆಯನ್ನು ಸೂಚಿಸುವ ಕ್ಯೂಆರ್‌ಎಸ್ ಅಲೆ ಅಗಲವಾಗುತ್ತದೆ, ಕೆಲವರಲ್ಲಿ ವರ್ಷಗಳು ಕಳೆದಂತೆ ಎಡ ಹೃತ್ಕುಕ್ಷಿ ಹಿಗ್ಗಿ ಸೊರಗುತ್ತದೆ.

ವಿಗರ್ಸ್ ಅವರ ಮಾತಿಗೆ ಬೆಲೆ ಬಂದದ್ದು ಮುಕ್ಕಾಲು ಶತಮಾನದ ನಂತರ. 2002ರಲ್ಲಿ ಪ್ರಕಟವಾದ ಡೇವಿಡ್ ಅಧ್ಯಯನದಲ್ಲಿ, ಹೃದಯ ದುರ್ಬಲವಾಗಿದ್ದು ಡಿಫಿಬ್ರಿಲೇಟರ್ ಅಗತ್ಯವಿದ್ದ, ಆದರೆ ಪೇಸಿಂಗ್ ಅಗತ್ಯವಿಲ್ಲದ 506 ರೋಗಿಗಳನ್ನು ಎರಡು ಗುಂಪು ಮಾಡಲಾಯಿತು. ಎರಡು ಕೋಣೆಗಳನ್ನೂ ನಿಮಿಷಕ್ಕೆ 70ರ ದರದಲ್ಲಿ ನಡೆಸಿದ ಗುಂಪೇ ಹೆಚ್ಚು ಲಾಭ ಪಡೆಯುತ್ತದೆ ಎಂಬುದು ನಿರೀಕ್ಷೆಯಾಗಿತ್ತು. ಆದರೆ ಸಾವು ಅಥವಾ ಹೃದಯ ವೈಫಲ್ಯದ ಆಸ್ಪತ್ರೆವಾಸ ಹೆಚ್ಚಾದದ್ದು ಅದೇ ಗುಂಪಿನಲ್ಲಿ. ಮರುವರ್ಷ ಸೈನಸ್ ನೋಡ್ ರೋಗಿಗಳ ಮೋಸ್ಟ್ ಅಧ್ಯಯನದ ಉಪವಿಶ್ಲೇಷಣೆಯು, ಒಟ್ಟು ಬಡಿತಗಳಲ್ಲಿ ಶೇ. 40ಕ್ಕೂ ಹೆಚ್ಚು ಪಾಲು ಹೃತ್ಕುಕ್ಷಿ ಪೇಸಿಂಗ್ ಆದಾಗ ಹೃದಯ ವೈಫಲ್ಯದ ಅಪಾಯ ಏರುತ್ತದೆ ಎಂದು ತೋರಿಸಿತು. ಚಿಕಿತ್ಸೆಯೇ ಗಾಯವಾಗಬಲ್ಲದು ಎಂಬ ಈ ಅರಿವಿನಿಂದ ಮೊದಲು ಹುಟ್ಟಿದ್ದು ಹೊಸ ನೆಲೆಯಲ್ಲ, ಅನಗತ್ಯ ಪೇಸಿಂಗ್ ತಗ್ಗಿಸುವ ಸಾಫ್ಟ್‌ವೇರ್. ಆದರೆ ಪೂರ್ಣ ತಡೆಯುಳ್ಳ ರೋಗಿಗೆ ಅದರಿಂದ ಪ್ರಯೋಜನವಿಲ್ಲ.

ಅಂಥವರಿಗಾಗಿ ಲೀಡನ್ನು ತುದಿಯಿಂದ ನಡುಗೋಡೆಯ ಮೇಲ್ಭಾಗಕ್ಕೆ ಸರಿಸುವುದು ಸಹಜವಾಗಿ ಹೊಳೆಯುವ ಪರಿಹಾರವಾಗಿತ್ತು. ಪ್ರೊಟೆಕ್ಟ್-ಪೇಸ್ ಎಂಬ ಅಧ್ಯಯನದಲ್ಲಿ ಎರಡು ವರ್ಷಗಳ ಕೊನೆಗೂ ಅದರಿಂದ ಲಾಭ ಕಾಣಲಿಲ್ಲ. ಎಡ ಹೃತ್ಕುಕ್ಷಿಗೆ ಕೊರೊನರಿ ಸೈನಸ್ ಎಂಬ ಹೃದಯದ ಅಭಿಧಮನಿಯ ಮೂಲಕ ಇನ್ನೊಂದು ಲೀಡ್ ಇಳಿಸಿ ಎರಡೂ ಬದಿಯಿಂದ ನಡೆಸುವ ದ್ವಿಕುಕ್ಷಿ ಪೇಸಿಂಗ್ ಹೆಚ್ಚು ಫಲ ಕೊಟ್ಟಿತು. ಹಾಂಗ್‌ಕಾಂಗ್ ತಂಡದ ನೇತೃತ್ವದ 2009ರ ಪೇಸ್ ಅಧ್ಯಯನದಲ್ಲಿ, ಪ್ರತಿ ಬಡಿತಕ್ಕೆ ಎಡ ಹೃತ್ಕುಕ್ಷಿ ಹೊರದೂಡುವ ರಕ್ತದ ಪಾಲು ಒಂದು ವರ್ಷದ ನಂತರ ದ್ವಿಕುಕ್ಷಿ ಗುಂಪಿನಲ್ಲಿ ಶೇ. 62.2 ಇದ್ದರೆ, ತುದಿಯ ಗುಂಪಿನಲ್ಲಿ ಶೇ. 54.8ಕ್ಕೆ ಇಳಿದಿತ್ತು, 2013ರ ಬ್ಲಾಕ್ ಎಚ್‌ಎಫ್ ಅಧ್ಯಯನ ದುರ್ಬಲ ಹೃದಯದವರಲ್ಲಿಯೂ ಇದೇ ದಿಕ್ಕನ್ನು ತೋರಿಸಿತು. ಆದರೂ ಇದು ಎರಡು ಕಡೆಯಿಂದ ಒತ್ತಿ ಸಹಜತೆಯನ್ನು ಅನುಕರಿಸುವ ಉಪಾಯವೇ ಹೊರತು ಸಹಜ ಹಾದಿಯಲ್ಲ. ವೆಚ್ಚ ಹೆಚ್ಚು, ಬ್ಯಾಟರಿಯ ಬಾಳಿಕೆ ಕಡಿಮೆ.

ಸಹಜ ಹಾದಿಯನ್ನೇ ಹಿಡಿಯುವ ಸಾಹಸ 2000ದಲ್ಲಿ ಅಮೆರಿಕದ ಪ್ರಮೋದ್ ದೇಶಮುಖ್ ಮತ್ತು ಸಹೋದ್ಯೋಗಿಗಳ ವರದಿಯೊಂದಿಗೆ ಗಮನ ಸೆಳೆಯಿತು: 18 ರೋಗಿಗಳಲ್ಲಿ ಪ್ರಯತ್ನಿಸಿ 12 ಮಂದಿಯ ಹಿಸ್ ಕಟ್ಟಿನಲ್ಲಿ ಅವರು ಶಾಶ್ವತ ಲೀಡ್ ನೆಲೆಗೊಳಿಸಿದರು. ಮುಂದೆ ಸಪೂರವಾದ, ತಿರುಪು ತುದಿಯ ಲೀಡು ಮತ್ತು ಅದನ್ನು ಗುರಿಗೆ ಒಯ್ಯುವ ಬಾಗಿದ ಕೊಳವೆ ಬಂದ ಮೇಲೆ ಈ ವಿಧಾನ ಹರಡಿತು. ಅಮೆರಿಕದ ಗೈಸಿಂಗರ್ ಆಸ್ಪತ್ರೆಗಳ 2018ರ ವರದಿಯಲ್ಲಿ 332 ಮಂದಿಯ ಪೈಕಿ ಶೇ. 92ರಲ್ಲಿ ಅದು ಕೈಗೂಡಿತ್ತು. ಶರೀರಶಾಸ್ತ್ರದ ಕಣ್ಣಿನಿಂದ ಇದಕ್ಕಿಂತ ಶುದ್ಧವಾದ ನೆಲೆ ಇನ್ನೊಂದಿಲ್ಲ. ದಿನನಿತ್ಯದ ವೈದ್ಯಕೀಯದಲ್ಲಿ ಮಾತ್ರ ತೊಡಕುಗಳು ಉಳಿದವು: ಗುರಿ ಕೆಲವೇ ಮಿಲಿಮೀಟರುಗಳದು, ಸುತ್ತಲಿನ ನಾರಂಗಾಂಶದಿಂದಾಗಿ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ, ಕಾಲಕ್ರಮದಲ್ಲಿ ಆ ಅಗತ್ಯ ಏರಿ ಲೀಡನ್ನು ಮತ್ತೆ ಸರಿಪಡಿಸಬೇಕಾಗಬಹುದು, ಮತ್ತು ತಡೆಯೇ ಹಿಸ್ ಕಟ್ಟಿನಿಂದ ಕೆಳಗಿದ್ದರೆ ಪ್ರಯತ್ನ ವ್ಯರ್ಥವಾಗಬಹುದು.

ಈ ತೊಡಕುಗಳಿಗೆ ಉತ್ತರವಾಗಿ ಚೀನಾದ ವೆನ್‌ಝೌದ ಹುವಾಂಗ್ ವೈಜಿಯಾನ್ 2017ರಲ್ಲಿ ಲೀಡನ್ನು ನಡುಗೋಡೆಯ ಬಲಮೈಯಿಂದ ಆಳಕ್ಕೆ ತಿರುಗಿಸಿ, ಎಡಮೈಯ ಕೆಳಗೆ ಬೀಸಣಿಗೆಯಂತೆ ಹರಡಿರುವ ಎಡ ಕವಲನ್ನು ಮುಟ್ಟುವ ವಿಧಾನವನ್ನು ವರದಿ ಮಾಡಿದರು. ಗುರಿ ಅಗಲ, ಸುತ್ತ ಸ್ನಾಯು ಇರುವುದರಿಂದ ಕಡಿಮೆ ವೋಲ್ಟೇಜ್ ಸಾಕು. ತುದಿ ಸರಿಯಾದ ಆಳ ತಲುಪಿತೇ ಎಂಬುದನ್ನು ಇಸಿಜಿಗಾಗಿ ಎದೆಯ ಮೇಲಿಡುವ ವಿ1 ವಿದ್ಯುದ್ವಾರದ ಅಲೆ ಬಲ ಕವಲಿನ ತಡೆಯ ರೂಪ ತಾಳುವುದರಿಂದಲೂ, ವಿ6ರಲ್ಲಿ ಪ್ರಚೋದನೆಯಿಂದ ಆರ್ ಅಲೆಯ ಶಿಖರದವರೆಗಿನ ಕಾಲ ಕಿರಿದಾಗುವುದರಿಂದಲೂ ಅಂದಾಜಿಸಲಾಗುತ್ತದೆ. ಕವಲಿಗೆ ತಲುಪದೆ ಸಮೀಪದ ಸ್ನಾಯುವನ್ನಷ್ಟೇ ಹಿಡಿದ ಲೀಡನ್ನೂ ಯಶಸ್ಸಿನ ಲೆಕ್ಕಕ್ಕೆ ಸೇರಿಸುವ ರೂಢಿ ಇರುವುದರಿಂದ ಅಂಕಿಗಳನ್ನು ಎಚ್ಚರದಿಂದ ಓದಬೇಕಾಗುತ್ತದೆ. 2,533 ರೋಗಿಗಳ ಯುರೋಪಿನ ಮೆಲೋಸ್ ದಾಖಲೆಯಲ್ಲಿ (2022) ನಿಧಾನ ಬಡಿತದವರಲ್ಲಿ ಯಶಸ್ಸು ಶೇ. 92.4 ಇತ್ತು, ಆದರೆ ಲೀಡ್ ನಡುಗೋಡೆಯನ್ನು ತೂರಿ ಎಡ ಕೋಣೆಗೆ ಹೊರಬಂದ ನಿದರ್ಶನಗಳೂ ಕೂಡಿ, ಈ ವಿಧಾನಕ್ಕೆ ಸಂಬಂಧಿಸಿದ ತೊಡಕುಗಳು ಶೇ. 8.3ರಷ್ಟಿದ್ದವು.

ಅಮೆರಿಕದ ಹಾರ್ಟ್ ರಿದಮ್ ಸೊಸೈಟಿ ಮತ್ತು ಅದರ ಸಹಸಂಸ್ಥೆಗಳ 2023ರ ಮಾರ್ಗಸೂಚಿಯು ಹೊರದೂಡುವ ಪಾಲು ಶೇ. 36ರಿಂದ 50ರ ನಡುವೆ ಇದ್ದು, ಬಡಿತಗಳಲ್ಲಿ ಶೇ. 20ರಿಂದ 40ಕ್ಕಿಂತ ಹೆಚ್ಚು ಪೇಸಿಂಗ್ ಬೇಕಾಗಬಹುದಾದವರಿಗೆ ಸಹಜ ಹಾದಿಯ ಅಥವಾ ದ್ವಿಕುಕ್ಷಿ ಪೇಸಿಂಗನ್ನು ಸಮಂಜಸವೆಂದು ಪರಿಗಣಿಸಿದೆ. ಅಪರೂಪಕ್ಕೆ ಮಾತ್ರ ಪೇಸಿಂಗ್ ಬೇಕಾಗುವ ವೃದ್ಧರಿಗೆ ಹಳೆಯ ತುದಿಯ ನೆಲೆ ಇಂದಿಗೂ ಸಾಕು. ಅಭಿಧಮನಿಗಳು ಮುಚ್ಚಿಹೋದವರಿಗೆ, ಸೋಂಕಿನ ಭಯವಿರುವವರಿಗೆ ಬಲ ಹೃತ್ಕುಕ್ಷಿಯೊಳಗೇ ಇಡಿಯಾಗಿ ಕೂರುವ ಲೀಡ್‌ರಹಿತ ಪೇಸ್‌ಮೇಕರಿದೆ, ಆದರೆ ಅದೂ ಸ್ನಾಯುವನ್ನೇ ಪ್ರಚೋದಿಸುವುದರಿಂದ ತುದಿಯ ದೋಷಗಳಿಂದ ಪೂರ್ತಿ ಮುಕ್ತವಲ್ಲ. ಎಡ ಕವಲಿನ ವಿಧಾನ ಆಸ್ಪತ್ರೆಗಳಲ್ಲಿ ಹರಡಿದ ವೇಗವನ್ನು ದೀರ್ಘಕಾಲದ ಯಾದೃಚ್ಛಿಕ ಅಧ್ಯಯನಗಳು ಇನ್ನೂ ಹಿಡಿದಿಲ್ಲ. ಅದಕ್ಕಿಂತಲೂ ಕಠಿಣವಾದ ಪ್ರಶ್ನೆ ಐವತ್ತರ ಆಸುಪಾಸಿನಲ್ಲಿ ಲೀಡ್ ಪಡೆದವರದು: ನಡುಗೋಡೆಯ ಆಳದಲ್ಲಿ ಹುದುಗಿ, ಪ್ರತಿ ಬಡಿತಕ್ಕೂ ಬಾಗುತ್ತ ಹದಿನೈದಿಪ್ಪತ್ತು ವರ್ಷ ಕಳೆದ ತಂತಿ ಮುರಿದರೆ ಅಥವಾ ಸೋಂಕು ತಗುಲಿದರೆ ಅದನ್ನು ನಡುಗೋಡೆಗೆ ಹಾನಿಯಾಗದಂತೆ ಹೊರತೆಗೆಯುವ ಅನುಭವ ಈವರೆಗೆ ಕೂಡಿಬಂದಿರುವುದು ಬಹುಮಟ್ಟಿಗೆ ಕೆಲವೇ ವರ್ಷ ಹಳೆಯದಾದ ಲೀಡುಗಳಿಂದ.