ಕಡತಗಳ ಕಟ್ಟು

ಗಣಕಯಂತ್ರದ ‘ಫೈಲ್’ ಎಂಬುದಕ್ಕೆ ನಾವು ಬಳಸುವ ‘ಕಡತ’ ಬಹಳ ಹಳೆಯ ಮಾತು. ಹುಣಸೆಬೀಜದ ಅಂಟಿಗೆ ಇದ್ದಿಲಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಚಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವೇ ಕಡತ. ನಮ್ಮ ಜಿಲ್ಲೆಯ ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಸುಪರಿಚಿತ. ಉದ್ದನೆಯ ಬಟ್ಟೆ ಮಡಿಚಿದಾಗ ಕೈಗೆ ಹಿಡಿಯುವಷ್ಟಾಗುತ್ತಿತ್ತು. ಬರಹವಂತೂ ಒಂದಕ್ಷರವೂ ಕುಗ್ಗುತ್ತಿರಲಿಲ್ಲ.

ಕಟ್ಟುವುದು ಬೇರೆ, ಕುಗ್ಗಿಸುವುದು ಬೇರೆ. 1979ರ ಯುನಿಕ್ಸ್‌ನೊಂದಿಗೆ ಬಂದ ‘ಟಾರ್’ ಬರಿಯ ಕಟ್ಟುವ ಕೆಲಸ ಮಾಡುತ್ತಿತ್ತು. ಹಲವು ಕಡತಗಳನ್ನು ಒಂದರ ಹಿಂದೊಂದು ಜೋಡಿಸಿ ಟೇಪಿಗೆ ಒಪ್ಪಿಸುವುದಷ್ಟೇ ಅದರ ಕಾಯಕ.

ಕುಗ್ಗಿಸುವ ವಿದ್ಯೆಯ ಕಥೆ ಮೇಷ್ಟರಾದ ನನಗೆ ಹೆಚ್ಚು ಪ್ರಿಯ. 1951ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ರಾಬರ್ಟ್ ಫ್ಯಾನೊ ಎಂಬ ಪ್ರಾಧ್ಯಾಪಕರು, ಪರೀಕ್ಷೆಗೆ ಕೂರಿರಿ, ಇಲ್ಲವೇ ಪ್ರಬಂಧ ಒಪ್ಪಿಸಿರಿ ಎಂದು ವಿದ್ಯಾರ್ಥಿಗಳಿಗೆ ಆಯ್ಕೆ ಕೊಟ್ಟರು. ಸಂಕೇತಗಳನ್ನು ಅತ್ಯಂತ ಚಿಕ್ಕದಾಗಿಸುವ ಆ ಪ್ರಶ್ನೆ ಗುರುಗಳಿಗೇ ಪೂರ್ತಿ ಬಗೆಹರಿದಿರಲಿಲ್ಲ. ಡೇವಿಡ್ ಹಫ್‌ಮನ್ ಎಂಬ ಶಿಷ್ಯ ಅದನ್ನು ಬಿಡಿಸಿದ. ಪದೇಪದೇ ಬರುವ ಅಕ್ಷರಕ್ಕೆ ಚಿಕ್ಕ ಸಂಕೇತ, ಅಪರೂಪದ್ದಕ್ಕೆ ಉದ್ದನೆಯದು. 1952ರಲ್ಲಿ ಅದು ಪ್ರಕಟವಾಯಿತು. ಶಿಷ್ಯನಿಂದ ಸೋಲುವ ಸುಖವನ್ನು ಫ್ಯಾನೊ ಉಂಡರೆಂದೇ ನಾನು ಭಾವಿಸುತ್ತೇನೆ.

1977ರಲ್ಲಿ ಇಸ್ರೇಲಿನ ಯಾಕೋಬ್ ಜಿವ್ ಮತ್ತು ಅಬ್ರಹಾಂ ಲೆಂಪೆಲ್ ಇನ್ನೊಂದು ಉಪಾಯ ಕಂಡರು. ನಮ್ಮ ಶಾನುಭೋಗರು ಬಲ್ಲ ಉಪಾಯವದು. ಕ್ರಯಪತ್ರದಲ್ಲಿ ಜಮೀನಿನ ಚೆಕ್ಕುಬಂದಿಯನ್ನು ಒಮ್ಮೆ ವಿವರವಾಗಿ ಬರೆದು ಮುಂದೆಲ್ಲ ‘ಸದರಿ ಜಮೀನು’ ಎನ್ನುವುದಿಲ್ಲವೇ? ಅಂತೆಯೇ ಹಿಂದೆ ಬಂದದ್ದು ಮತ್ತೆ ಬಂದರೆ, ಇಷ್ಟು ಹಿಂದಿನದು, ಇಷ್ಟು ಉದ್ದದ್ದು ಎಂದು ಗುರುತು ಹಾಕಿದರಾಯಿತು. ಅಮೆರಿಕದ ಫಿಲ್ ಕಾಟ್ಜ್ 1989ರಲ್ಲಿ ‘ಜಿಪ್’ ರೂಪವನ್ನು ಹೊರತಂದು, ಅದರ ಒಳರಚನೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟರು. 1993ರ ಆವೃತ್ತಿಯಲ್ಲಿ ಮೇಲಿನ ಎರಡು ಉಪಾಯಗಳೂ ಬೆಸೆದುಕೊಂಡವು. ಕಾಟ್ಜ್ 2000ದಲ್ಲಿ ತೀರಿಕೊಂಡಾಗ ಅವರಿಗೆ ಕೇವಲ 37 ವರ್ಷ.

ನಮ್ಮ ಕಡೆ ಜಿಪ್ ಅನಿವಾರ್ಯವಾದುದಕ್ಕೆ ಮತ್ತೊಂದು ಕಾರಣವಿತ್ತು. ಅದು ಅಕ್ಷರದ ಕಾರಣ. ಸ್ಮರಣ ಸಂಚಿಕೆಗೆಂದು ಕಡೂರಿನಿಂದ ಬಂದ ಲೇಖನ ‘ನುಡಿ’ಯಲ್ಲಿದ್ದರೆ ತರೀಕೆರೆಯದು ‘ಬರಹ’ದಲ್ಲಿ, ಅಜ್ಜಂಪುರದ ಡಿ.ಟಿ.ಪಿ. ಅಂಗಡಿಯದು ‘ಶ್ರೀಲಿಪಿ’ಯಲ್ಲಿ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದ ಫಾಂಟುಗಳಿವು; ಎಲ್ಲಕ್ಕೂ ಒಂದೇ ಕ್ರಮವಿರಲಿಲ್ಲ. ಫಾಂಟು ಇಲ್ಲದೆ ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ. ಆದುದರಿಂದ ಲೇಖನ, ಭಾವಚಿತ್ರ, ಫಾಂಟು ಮೂರನ್ನೂ ಒಂದೇ ಜಿಪ್‌ನಲ್ಲಿ ಕಟ್ಟಿ ಕಳುಹಿಸುವುದು ರೂಢಿಯಾಯಿತು. 1.44 ಎಂ.ಬಿ. ಫ್ಲಾಪಿಯಲ್ಲಿ ಹಿಡಿಯಬೇಕಲ್ಲ! (ಜೆಪೆಗ್ ಭಾವಚಿತ್ರ ಮೊದಲೇ ಕುಗ್ಗಿರುವುದರಿಂದ ಜಿಪ್‌ಗೆ ಹಾಕಿದರೂ ಹೆಚ್ಚೇನೂ ಇಳಿಯುವುದಿಲ್ಲ.)

ಹಲವರು ಫಾಂಟನ್ನು ಕಟ್ಟದೆ ಲೇಖನವನ್ನಷ್ಟೇ ಕಳುಹಿಸಿದರು. ಅಂಥ ಕಟ್ಟುಗಳು ಇಂದು ಸುಲಭವಾಗಿ ಬಿಚ್ಚಿಕೊಳ್ಳುತ್ತವೆ. ಓದಲು ಮಾತ್ರ ಆಗುವುದಿಲ್ಲ. ಬರೆದವರಲ್ಲಿ ಕೆಲವು ಹಿರಿಯ ಉಪಾಧ್ಯಾಯರು ಈಗಿಲ್ಲ. ಕೈಬರಹದ ಪ್ರತಿಗಳೂ ಉಳಿದಿಲ್ಲ.

ಕನ್ನಡಕ್ಕೆ ಯೂನಿಕೋಡ್‌ನಲ್ಲಿ 1991ರಲ್ಲೇ ಸ್ಥಾನ ದೊರೆತಿದ್ದರೂ ನಮ್ಮ ಊರುಗಳಿಗೆ ಅದು ತಲುಪಲು ಬಹುಕಾಲ ಹಿಡಿಯಿತು. ಯು.ಟಿ.ಎಫ್.-8 ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು. ದುಂದೆಂದು ಕೆಲವರು ಮೂಗು ಮುರಿದದ್ದುಂಟು. ಆದರೆ ಆ ಮೂರರಲ್ಲಿ ಮೊದಲನೆಯದು ಯಾವಾಗಲೂ ಒಂದೇ, ಎರಡನೆಯದು ಎರಡರಲ್ಲೊಂದು. ‘ಸದರಿ’ ಎನ್ನಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ? ಜಿಪ್ ಮಾಡಿದರೆ ಕನ್ನಡ ಬರಹ ಚೆನ್ನಾಗಿಯೇ ಕುಗ್ಗುತ್ತದೆ.

ನಿಮ್ಮ ಹಳೆಯ ಸಿ.ಡಿ.ಗಳಲ್ಲಿ ಅಂಥ ಕಟ್ಟುಗಳಿದ್ದರೆ ಬಿಚ್ಚಿ ನೋಡಿರಿ. ಒಳಗೆ ಫಾಂಟಿನ ಕಡತ ಸಿಕ್ಕಿದರೆ ಅದರ ಹೆಸರನ್ನು ಮೊದಲು ಬರೆದಿಟ್ಟುಕೊಳ್ಳಿ. ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಕ್ಕೆ ಮೂಲ ಯಾವುದೆಂದು ತಿಳಿಸಬೇಕಾಗುತ್ತದೆ. ಮೂಲ ಕಟ್ಟನ್ನು ಅಳಿಸಬೇಡಿ. ಪರಿವರ್ತಿಸಿದ ಪ್ರತಿಯನ್ನು ನನಗೂ ಕಳುಹಿಸಿರಿ.