ಹಡಗು ದಡ ಸೇರಿದ ಮೇಲೆ: ಗಾಲಿಕುರ್ಚಿಯಲ್ಲಿರುವವರಿಗೆ ಒಂದಿಷ್ಟು ಮಾಹಿತಿ

ಕೊಯಮತ್ತೂರು: ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಿಗೆ ಸಮುದ್ರವಿಲ್ಲ. ಆದರೆ ಪಾಲಕ್ಕಾಡಿನ ಮೂಲಕ ಸುಮಾರು 190 ಕಿ.ಮೀ. ಹೋದರೆ ಕೊಚ್ಚಿ ಬಂದರು ಸಿಗುತ್ತದೆ. ಕ್ರೂಸ್ ಎಂದು ಕರೆಯುವ ಪ್ರವಾಸಿ ಹಡಗುಗಳು ಅಲ್ಲಿಗೆ ಬರುತ್ತವೆ. ಮಂಡಿನೋವಿನ ಅಜ್ಜಿಯನ್ನೋ, ಪಾರ್ಶ್ವವಾಯುವಿನಿಂದ ಕಾಲು ಸೋತ ತಂದೆಯನ್ನೋ ಇಂಥ ಹಡಗಿನಲ್ಲಿ ಕರೆದೊಯ್ಯಬಹುದೇ? ಹಡಗಿನೊಳಗೆ ಲಿಫ್ಟ್ ಇರುವುದರಿಂದ ಅಷ್ಟು ಕಷ್ಟವಿಲ್ಲ. ತೊಡಕು ಶುರುವಾಗುವುದು ಕೆಳಗಿಳಿದು ಊರು ನೋಡಿ ಬರುವ ಆ ಕೆಲವು ಗಂಟೆಗಳಲ್ಲಿ.

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: ಹಡಗು ಧಕ್ಕೆಗೆ ತಾಗಿ ನಿಲ್ಲುತ್ತದೆಯೇ, ನಡುನೀರಿನಲ್ಲಿ ಲಂಗರು ಹಾಕುತ್ತದೆಯೇ? ಧಕ್ಕೆಗೆ ತಾಗಿ ನಿಂತರೆ ಗ್ಯಾಂಗ್‌ವೇ ಎಂಬ ಇಳಿಜಾರು ಸೇತುವೆಯ ಮೇಲೆ ಕುರ್ಚಿಯನ್ನು ತಳ್ಳಿಕೊಂಡು ಇಳಿಯಬಹುದು. ಲಂಗರು ಹಾಕಿದರೆ ಟೆಂಡರ್ ಎಂಬ ಸಣ್ಣ ದೋಣಿಗೆ ಹತ್ತಬೇಕು. ಅಲೆಗೆ ದೋಣಿ ಏರಿಳಿಯುತ್ತಿರುತ್ತದೆ. ನಾಲ್ಕು ಹೆಜ್ಜೆ ಸ್ವಂತವಾಗಿ ಇಡಲಾಗದವರನ್ನು ಅಲ್ಲಿ ಇಳಿಸಲು ಹಡಗಿನವರು ಒಪ್ಪದೇ ಇರಬಹುದು. ಬ್ಯಾಟರಿ ಕುರ್ಚಿಯ ಭಾರ ಬೇರೆ. ಕೊನೆಯ ಮಾತು ಕ್ಯಾಪ್ಟನ್‌ನದು. ಮುಂಬೈಯಿಂದ 2021ರ ಸೆಪ್ಟೆಂಬರ್‌ನಲ್ಲಿ ಯಾನ ಆರಂಭಿಸಿದ ಕಾರ್ಡೇಲಿಯಾ ಸಂಸ್ಥೆಯ 'ಎಂಪ್ರೆಸ್' ಹಡಗು ಲಕ್ಷದ್ವೀಪಕ್ಕೆ ಹೋದಾಗ ಪ್ರಯಾಣಿಕರು ದಡ ಸೇರಿದ್ದು ದೋಣಿಗಳಲ್ಲೇ. ಟಿಕೆಟ್ ಮಾರುವವರು ಇದನ್ನು ತಾವಾಗಿ ಹೇಳುತ್ತಾರೆಂದು ನಂಬಿ ಕೂರಬಾರದು.

ಗ್ಯಾಂಗ್‌ವೇ ಇದ್ದ ಮಾತ್ರಕ್ಕೆ ಎಲ್ಲ ಸಲೀಸು ಎಂದಲ್ಲ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂಬುದು ಕಟ್ಟಡಗಳಿಗೆ ಹೇಳುವ ಲೆಕ್ಕ. ಹಡಗಿನ ಸೇತುವೆ ಈ ಲೆಕ್ಕಕ್ಕೆ ಸಿಗುವುದಿಲ್ಲ. ಉಬ್ಬರ ಬಂದಾಗ ಹಡಗು ಮೇಲೇಳುತ್ತದೆ, ಇಳಿಜಾರು ಕಡಿದಾಗುತ್ತದೆ. ಬೆಳಗ್ಗೆ ಸುಲಭವಾಗಿ ಇಳಿದವರು ಸಂಜೆ ಹತ್ತಲು ಇಬ್ಬರ ಕೈ ಹಿಡಿಯಬೇಕಾಗಬಹುದು. ಮುಂಬೈಯಲ್ಲಿ ಈ ಏರುಪೇರು ದೊಡ್ಡದು, ಕೊಚ್ಚಿಯಲ್ಲಿ ಕಡಿಮೆ.

ಕೊಚ್ಚಿಯಲ್ಲಿ ಹಡಗುಗಳು ಧಕ್ಕೆಗೇ ಬರುತ್ತವೆ. ಎರ್ನಾಕುಳಂ ಧಕ್ಕೆಯಲ್ಲಿ 25.72 ಕೋಟಿ ರೂ. ವೆಚ್ಚದ 'ಸಾಗರಿಕಾ' ಕ್ರೂಸ್ ಟರ್ಮಿನಲ್ 2021ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಅಲ್ಲಿಂದ ಹೋಗುವವರಿಗೆ ಫೋರ್ಟ್ ಕೊಚ್ಚಿ ವಾಸಿ, ನೆಲ ಸಮತಟ್ಟು. ಚೀನೀ ಬಲೆಗಳನ್ನು ದಡದಿಂದಲೇ ನೋಡಬಹುದು. 1524ರಲ್ಲಿ ವಾಸ್ಕೋ ಡ ಗಾಮಾನನ್ನು ಹೂಳಿದ್ದ ಸೇಂಟ್ ಫ್ರಾನ್ಸಿಸ್ ಚರ್ಚ್ ಹತ್ತಿರದಲ್ಲೇ ಇದೆ. ಮಟ್ಟಾಂಚೇರಿ ಅರಮನೆಯ ಕಥೆ ಬೇರೆ. ಅಲ್ಲಿನ ಪ್ರಸಿದ್ಧ ರಾಮಾಯಣ ಚಿತ್ರಗಳು ಮಹಡಿಯಲ್ಲಿವೆ, ಮೆಟ್ಟಿಲು ಹತ್ತಬೇಕು. ಏಜೆಂಟರ ಪಟ್ಟಿಯಲ್ಲಿ ಎರಡೂ ಒಂದೇ ಸಾಲಿನಲ್ಲಿರುತ್ತವೆ!

ನೀರಿನ ಮೇಲೆ ಹೋಗುವ ಆಸೆಯಿದ್ದರೆ ವಾಟರ್ ಮೆಟ್ರೋ ಇದೆ. 2023ರ ಏಪ್ರಿಲ್‌ನಲ್ಲಿ ಆರಂಭವಾದ ಈ ದೋಣಿಗಳಿಗೆ ತೇಲುವ ಜೆಟ್ಟಿಗಳಿವೆ. ನೀರು ಏರಿದಂತೆ ಜೆಟ್ಟಿಯೂ ಏರುತ್ತದೆ. ಹಾಗಾಗಿ ದೋಣಿಯ ನೆಲ, ಜೆಟ್ಟಿಯ ನೆಲ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತವೆ. ಕುರ್ಚಿಯನ್ನು ಎತ್ತದೆ ಒಳಗೆ ತಳ್ಳಬಹುದು. ಹೈಕೋರ್ಟ್ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೆ 2024ರಲ್ಲಿ ದೋಣಿ ಶುರುವಾಯಿತು. ದೊಡ್ಡ ಹಡಗಿನ ಟೆಂಡರ್ ದೋಣಿಯಲ್ಲಿ ಇಲ್ಲದ ಸೌಕರ್ಯ ಊರಿನ ದೋಣಿಯಲ್ಲಿದೆ.

ಕಾರು ಗೊತ್ತುಮಾಡುವಾಗ ಡಿಕ್ಕಿಯನ್ನು ವಿಚಾರಿಸಿಕೊಳ್ಳಿ. ಗ್ಯಾಸ್ ಟ್ಯಾಂಕ್ ಕೂರಿಸಿದ ಟ್ಯಾಕ್ಸಿಯಲ್ಲಿ ಮಡಚಿದ ಕುರ್ಚಿಗೂ ಜಾಗವಿರದು. ಶೌಚಾಲಯದ ಬಾಗಿಲ ಅಗಲವನ್ನೂ ಕೇಳಬೇಕು. ಎಷ್ಟೋ ಮಂದಿ ಹಿರಿಯರು ಈ ಒಂದು ಚಿಂತೆಯಿಂದಲೇ ನೀರು ಕುಡಿಯದೆ ದಿನ ಕಳೆಯುತ್ತಾರೆ.

ಹಡಗು ಸಾಮಾನ್ಯವಾಗಿ ಬೆಳಗ್ಗೆ ಬಂದು ಸಂಜೆ ಹೊರಡುತ್ತದೆ. ಹಡಗಿನವರೇ ಏರ್ಪಡಿಸಿದ ಪ್ರವಾಸ ತಡವಾದರೆ ಹಡಗು ಕಾಯುತ್ತದೆ. ಸ್ವಂತ ಕಾರಿನಲ್ಲಿ ಹೋಗಿ ತಡಮಾಡಿದವರಿಗಾಗಿ ಕಾಯುವುದಿಲ್ಲ. ಕುರ್ಚಿಯನ್ನು ಹತ್ತಿಸಿ ಇಳಿಸುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು. ವಿದೇಶದಿಂದ ಹಡಗಿನಲ್ಲಿ ಬರುವ ನೆಂಟರನ್ನು ಕೊಯಮತ್ತೂರಿಗೆ ಕರೆಸುವ ಯೋಚನೆಯಿದ್ದರೆ ಬಿಡುವುದು ಒಳ್ಳೆಯದು. ಹೋಗಿಬರಲು 380 ಕಿ.ಮೀ. ಮೆಟ್ಟುಪಾಳ್ಯಂನಿಂದ ಊಟಿಗೆ ಹತ್ತುವ ರೈಲಂತೂ 46 ಕಿ.ಮೀ.ಗೆ ಐದು ಗಂಟೆಯ ಹತ್ತಿರ ತೆಗೆದುಕೊಳ್ಳುತ್ತದೆ. ನಾವೇ ಕೊಚ್ಚಿಗೆ ಹೋಗಿ ಭೇಟಿಯಾಗುವುದು ಸರಿ.

ಮಂಗಳೂರಿನ ಪಣಂಬೂರು ಬಂದರಿಗೂ ಕ್ರೂಸ್ ಹಡಗುಗಳು ಬರುತ್ತವೆ. ಅಲ್ಲಿಂದ ಪ್ರಯಾಣಿಕರನ್ನು ಕರೆದೊಯ್ಯುವ ಕಾರ್ಕಳದ ಗೊಮ್ಮಟ ಬಂಡೆಗುಡ್ಡದ ಮೇಲಿದ್ದಾನೆ, ಮೂಡಬಿದಿರೆಯ ಸಾವಿರ ಕಂಬದ ಬಸದಿಗೂ ಮೆಟ್ಟಿಲುಗಳಿವೆ. ಸೇಂಟ್ ಅಲೋಶಿಯಸ್ ಚಾಪೆಲ್‌ನ ಚಿತ್ರಗಳು ಗೋಡೆ, ಮಾಳಿಗೆಗಳಲ್ಲಿರುವುದರಿಂದ ಒಳಹೋದ ಮೇಲೆ ಕುಳಿತಲ್ಲಿಂದಲೇ ನೋಡಬಹುದು.

ಸಾರಿಗೆಯಲ್ಲಿ ಅಂಗವಿಕಲರಿಗೆ ಅನುಕೂಲ ಕಲ್ಪಿಸಬೇಕೆಂದು 2016ರ ಕಾಯ್ದೆ ಹೇಳುತ್ತದೆ. ಆದರೂ ಟಿಕೆಟ್ ಕೊಳ್ಳುವ ಮೊದಲೇ ಕುರ್ಚಿಯ ಅಗಲ, ತೂಕ, ಬ್ಯಾಟರಿಯ ಬಗೆ, ಪ್ರಯಾಣಿಕರು ಎಷ್ಟು ಹೆಜ್ಜೆ ನಡೆಯಬಲ್ಲರು ಎಂಬುದನ್ನು ಬರೆದು ಕಳುಹಿಸಿ, ಉತ್ತರವನ್ನೂ ಬರಹದಲ್ಲೇ ಪಡೆಯಬೇಕು. ಬಂದರಿನಲ್ಲಿ ತಮಿಳು, ಮಲಯಾಳ, ಕನ್ನಡ ಯಾವುದರಲ್ಲಿ ಮಾತಾಡಿದರೂ 'ವೀಲ್‌ಚೇರ್' ಎಂದರೆ ಎಲ್ಲರಿಗೂ ತಿಳಿಯುತ್ತದೆ.