ರಾಟೆಯ ಮುಂದೆ ಕೂತವರು

ಬೆಳಕು ಹರಿಯುವ ಮುನ್ನವೇ ಅವರು ಸೂತ್ರಶಾಲೆಯ ಬಾಗಿಲಿಗೆ ಬಂದು ಸೇರುತ್ತಿದ್ದರು. ಮನೆಯಲ್ಲಿ ಕೂತು ನೂತ ನೂಲನ್ನು ಒಪ್ಪಿಸಿ, ಕೂಲಿ ಪಡೆದು, ಊರು ಏಳುವ ಹೊತ್ತಿಗೆ ಅವರು ಹಿಂತಿರುಗಬೇಕು. ಶಾಲೆಯೊಳಗೆ ದೀಪ ಉರಿಯುತ್ತಿರುತ್ತದೆ; ಆದರೆ ಅದು ನೂಲನ್ನು ಪರೀಕ್ಷಿಸಲು ಬೇಕಾದಷ್ಟೇ ಬೆಳಕು. ಆ ಬೆಳಕಿನಲ್ಲಿ ಅಧಿಕಾರಿಯ ಕಣ್ಣು ನೂತವಳ ಮುಖದತ್ತ ಹೊರಳಿದರೆ, ಕೆಲಸದ ಮಾತು ಬಿಟ್ಟು ಬೇರೆ ಮಾತು ತೆಗೆದರೆ, ಅವನಿಗೆ ದಂಡ. ಕೂಲಿ ಕೊಡುವ ಹೊತ್ತನ್ನು ಮೀರಿಸಿದರೆ ಅದಕ್ಕಿಂತ ದೊಡ್ಡ ದಂಡ.

ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ, ಸೂತ್ರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ಹೇಳುವಲ್ಲಿ, ಈ ಕಟ್ಟಳೆ ಬರುತ್ತದೆ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಆ ಗ್ರಂಥದ ತಾಳೆಗರಿ ಪ್ರತಿ ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಬಂದದ್ದು, ಅದನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ್ದು ಕನ್ನಡಿಗರು ಹೆಮ್ಮೆಯಿಂದ ಹೇಳಿಕೊಳ್ಳುವ ಸಂಗತಿ. ರಾಜನೀತಿ, ಗೂಢಚಾರಿಕೆ, ಮಂಡಲ ಸಿದ್ಧಾಂತಗಳಿಗಾಗಿ ಆ ಗ್ರಂಥವನ್ನು ಓದಿದವರು ಬಹಳ. ನೂಲಿನ ಅಧ್ಯಾಯದ ಮೇಲೆ ನಿಂತವರು ಕಡಿಮೆ. ನನಗಾದರೋ ಇಡೀ ಗ್ರಂಥದಲ್ಲಿ ಮನುಷ್ಯರ ಉಸಿರು ಹೆಚ್ಚು ಕೇಳಿಸುವುದು ಅಲ್ಲಿಯೇ.

ಯಾರ ಕೈಯಲ್ಲಿ ನೂಲಿಸಬೇಕು ಎಂಬುದಕ್ಕೆ ಅಲ್ಲೊಂದು ಪಟ್ಟಿಯಿದೆ. ವಿಧವೆಯರು, ಅಂಗವಿಕಲ ಹೆಂಗಸರು, ಮದುವೆಯಾಗದ ಹೆಣ್ಣುಮಕ್ಕಳು, ಸನ್ಯಾಸಿನಿಯರು, ದಂಡದ ಹಣವನ್ನು ದುಡಿಮೆಯಿಂದ ತೀರಿಸುತ್ತಿರುವವರು, ಗಣಿಕೆಯರ ತಾಯಂದಿರು, ಮುದಿಯಾದ ರಾಜದಾಸಿಯರು, ದೇಗುಲದ ಸೇವೆಯಿಂದ ಬಿಡುಗಡೆಯಾದ ದೇವದಾಸಿಯರು. ಗಂಡ, ತಂದೆ, ಒಡೆಯ ಎಂಬ ಆಸರೆ ಇಲ್ಲದವರು, ಇದ್ದೂ ತಪ್ಪಿಹೋದವರು ಈ ಪಟ್ಟಿಯ ತುಂಬ ಇದ್ದಾರೆ. ಮನೆಯಿಂದ ಹೊರಗೆ ಬಾರದವರಿಗೆ ದಾಸಿಯರ ಮೂಲಕ ಅರಳೆ ಕಳಿಸಿ, ಮರ್ಯಾದೆಯಿಂದ ಕೆಲಸ ಮಾಡಿಸಿಕೊಳ್ಳಬೇಕೆಂದು ಗ್ರಂಥ ಹೇಳುತ್ತದೆ. ನೂಲು ನಯವೋ ಒರಟೋ ನಡುತರದ್ದೋ ಎಂದು ನೋಡಿ ಕೂಲಿ ಗೊತ್ತುಮಾಡಬೇಕು. ಹೆಚ್ಚು ನೂತವಳಿಗೆ ಎಣ್ಣೆ, ನೆಲ್ಲಿಯ ಲೇಪ ಕೊಟ್ಟು ಹುರಿದುಂಬಿಸಬೇಕು. ಹಬ್ಬದ ದಿನಗಳಲ್ಲಿಯೂ ಮೇಲಿನ ಉಡುಗೊರೆ ಕೊಟ್ಟು ನೂಲಿಸಬೇಕು.

ಎಷ್ಟು ಕಾಳಜಿ ಎನಿಸುತ್ತದೆ. ಅದೇ ಪುಟದಲ್ಲಿ ಇನ್ನೊಂದು ವಿಧಿಯೂ ಇದೆ. ಕೂಲಿ ಪಡೆದು ಕೆಲಸ ಮಾಡದ ಹೆಂಗಸಿನ ಹೆಬ್ಬೆರಳನ್ನೂ ತೋರುಬೆರಳನ್ನೂ ಕತ್ತರಿಸಬೇಕು. ಅರಳೆಯಿಂದ ಎಳೆ ತೆಗೆಯುವುದು ಆ ಎರಡೇ ಬೆರಳು. ಕೂಲಿ ತಡಮಾಡಿದ ಅಧಿಕಾರಿ ತೆರುವುದು ಹಣ. ಕೆಲಸ ತಪ್ಪಿಸಿದವಳು ತೆರುವುದು ಇಡೀ ಬದುಕಿನ ಜೀವನೋಪಾಯ. ಮುಖ ನೋಡಬಾರದೆಂಬ ಕಟ್ಟಳೆಯ ಅರ್ಥವೂ ಆಗ ತಿಳಿಯುತ್ತದೆ. ರಾಜ್ಯಕ್ಕೆ ಬೇಕಾಗಿದ್ದುದು ಆ ಕೈಗಳು. ಹೆಣ್ಣು ದುಡಿಯಬಾರದೆಂದು ಪುರುಷಪ್ರಧಾನ ಸಮಾಜ ಯಾವ ಕಾಲದಲ್ಲಿಯೂ ಹೇಳಲಿಲ್ಲ. ಎಲ್ಲಿ ಕೂತು ದುಡಿಯಬೇಕು, ಅದಕ್ಕೆ ಬೆಲೆಯೆಷ್ಟು, ಬಂದ ಹಣ ಯಾರ ಕೈ ಸೇರಬೇಕು ಎಂಬುದನ್ನು ಮಾತ್ರ ತಾನೇ ನಿರ್ಧರಿಸಿತು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಈ ಮಾತಿಗೆ ಎದುರಾಗಿ ಕೆಲವು ಹೆಂಗಸರು ಎದ್ದು ನಿಂತರು. ಅವರಲ್ಲಿ ಬಹಳ ಮಂದಿಯನ್ನು ನಾವು ಇಂದಿಗೂ ಕೆಲಸದ ಹೆಸರಿನಿಂದಲೇ ಬಲ್ಲೆವು. ಅಕ್ಕಿ ಆಯುವ ಆಯ್ದಕ್ಕಿ ಲಕ್ಕಮ್ಮ, ಭತ್ತ ಕುಟ್ಟುವ ಕೊಟ್ಟಣದ ಸೋಮಮ್ಮ, ನೂಲು ತೆಗೆಯುವ ಕದಿರ ರೆಮ್ಮವ್ವೆ. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದವಳು ಲಕ್ಕಮ್ಮ. ಮನೆಗೆ ಎಷ್ಟು ಬೇಕು ಎಂಬ ಲೆಕ್ಕ ಅವಳ ಬಳಿ ಇತ್ತು. ಆ ಲೆಕ್ಕಕ್ಕೆ ಗಂಡ ತಲೆಬಾಗಿದ. ರೆಮ್ಮವ್ವೆಯಾದರೋ ತಾನು ತಿರುಗಿಸುವ ರಾಟೆಯ ಒಂದೊಂದು ಭಾಗದಲ್ಲಿ ತ್ರಿಮೂರ್ತಿಗಳನ್ನು ಕಂಡಳು. ಹಲಗೆ, ಬೊಂಬೆ, ಕದಿರು ಎಂದು ಕೈಗೆ ಸವೆದ ಮರದ ತುಂಡುಗಳಲ್ಲಿ ಬ್ರಹ್ಮಾಂಡವನ್ನು ಕಾಣಬೇಕಾದರೆ ಆ ಕೆಲಸದೊಂದಿಗೆ ಎಷ್ಟು ಸಲುಗೆ ಇರಬೇಕು, ಅದರ ಬಗ್ಗೆ ಎಷ್ಟು ಅಭಿಮಾನ ಇರಬೇಕು! 

ಅದೇ ನೆಲದಲ್ಲಿ, ಎರಡು ಶತಮಾನ ಕಳೆಯುವುದರೊಳಗೆ, ರಾಟೆಯ ಬಗ್ಗೆ ಇನ್ನೊಂದು ಮಾತು ಬರೆಯಲ್ಪಟ್ಟಿತು. ಬಹಮನಿ ರಾಜ್ಯ ಆಗಷ್ಟೇ ಹುಟ್ಟಿತ್ತು. ಕಲಬುರಗಿ ಅದರ ರಾಜಧಾನಿ. ಇಸಾಮಿ ಎಂಬ ಕವಿ 1350ರಲ್ಲಿ ಫುತೂಹ್-ಉಸ್-ಸಲಾತೀನ್ ಎಂಬ ಪಾರಸೀ ಚರಿತ್ರಕಾವ್ಯವನ್ನು ಮುಗಿಸಿ ಸುಲ್ತಾನ ಅಲಾವುದ್ದೀನ್ ಬಹಮನ್ ಶಹನಿಗೆ ಅರ್ಪಿಸಿದ. 1236ರಿಂದ 1240ರವರೆಗೆ ದೆಹಲಿಯ ಗದ್ದುಗೆಯಲ್ಲಿ ಕೂತು ಆಳಿದ ರಜಿಯಾಳ ಕಥೆ ಅದರಲ್ಲಿ ಬರುತ್ತದೆ. ಆ ಪ್ರಸಂಗದಲ್ಲಿ ಇಸಾಮಿಗೆ ಸಿಟ್ಟು ಉಕ್ಕುತ್ತದೆ. ಹೆಂಗಸಿಗೆ ಕಿರೀಟ ತಕ್ಕುದಲ್ಲ, ಹತ್ತಿಯ ಸಂಗವೇ ತಕ್ಕುದು, ರಾಟೆಯ ಮುಂದೆ ಕೂರುವವಳೇ ಒಳ್ಳೆಯ ಹೆಣ್ಣು ಎಂಬುದು ಅವನ ತೀರ್ಪು. ಭಾರತದ ರಾಟೆಯ ಚರಿತ್ರೆ ಬರೆದವರು ಈ ಸಾಲುಗಳನ್ನು ಆ ಯಂತ್ರಕ್ಕೆ ಸಿಕ್ಕುವ ಹಳೆಯ ಸಾಕ್ಷ್ಯವೆಂದು ಎತ್ತಿ ತೋರಿಸುತ್ತಾರೆ. ಸಾಕ್ಷ್ಯ ಸರಿ. ನನ್ನ ಕಣ್ಣಿಗೆ ಅದು ಇನ್ನೊಂದು ಸಂಗತಿಗೂ ಸಾಕ್ಷಿ. ರೆಮ್ಮವ್ವೆ ದೇವರನ್ನು ಕಂಡ ರಾಟೆಯಲ್ಲಿಯೇ ಆಸ್ಥಾನ ಕವಿಗೆ ರಾಣಿಯನ್ನು ಕಟ್ಟಿಹಾಕುವ ಗೂಟ ಕಾಣಿಸಿತು. ಹೀಗಳೆಯುವವನ ಮೈಮೇಲಿನ ಬಟ್ಟೆಯೂ ಯಾವಳೋ ಒಬ್ಬಳು ನೂತ ನೂಲಿನದೇ.

ಲೆಕ್ಕಪತ್ರ, ಅಧಿಕಾರ ಹೆಂಗಸರ ಕೈಗೆ ಎಟುಕುವಂಥವಲ್ಲ ಎಂಬ ಮಾತು ಸುಳ್ಳೆಂಬುದಕ್ಕೆ ತುಂಗಭದ್ರೆಯ ದಡದಲ್ಲಿಯೇ ಆಧಾರವಿದೆ. 1530ರ ದಶಕದಲ್ಲಿ ವಿಜಯನಗರದ ವೃತ್ತಾಂತ ಬರೆದ ಪೋರ್ಚುಗೀಸ್ ವರ್ತಕ ಫೆರ್ನಾವೊ ನುನಿಜ್, ಅರಮನೆಯಲ್ಲಿ ಕುಸ್ತಿ ಆಡುವ ಹೆಂಗಸರಿದ್ದರು, ಜ್ಯೋತಿಷ್ಯ ಹೇಳುವವರಿದ್ದರು, ರಾತ್ರಿ ಕಾವಲು ನಿಲ್ಲುವವರಿದ್ದರು ಎನ್ನುತ್ತಾನೆ. ಬಾಗಿಲೊಳಗಿನ ಖರ್ಚುವೆಚ್ಚವನ್ನೆಲ್ಲ ಬರೆದಿಡುತ್ತಿದ್ದವರೂ ಹೆಂಗಸರೇ. ರಾಜ್ಯದ ವಿದ್ಯಮಾನಗಳನ್ನು ಬರೆದು, ಹೊರಗಿನ ಬರಹಗಾರರ ಪುಸ್ತಕಗಳೊಂದಿಗೆ ತಾಳೆ ನೋಡುತ್ತಿದ್ದ ಕರಣಿಕೆಯರೂ ಅಲ್ಲಿದ್ದರಂತೆ. ಅವರ ಹೆಸರು ಒಂದೂ ಉಳಿದಿಲ್ಲ. ಅವರು ಬರೆದ ಪುಸ್ತಕಗಳೂ ಉಳಿದಿಲ್ಲ.

ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರ್ಕಾರದ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತಿದ. ಮಣ್ಣು, ಬೆಳೆ, ಮಗ್ಗ, ಸಂತೆ ಯಾವುದನ್ನೂ ಅವನು ಬಿಡಲಿಲ್ಲ. ಬೆಂಗಳೂರಿನ ಸುತ್ತಮುತ್ತ ಬ್ರಾಹ್ಮಣರನ್ನು ಬಿಟ್ಟು ಉಳಿದೆಲ್ಲ ಜಾತಿಗಳ ಹೆಂಗಸರೂ ನೂಲುತ್ತಾರೆ, ವಾರದ ಸಂತೆಗೆ ನೂಲು ತಂದು ನೇಕಾರರಿಗೆ ಮಾರುತ್ತಾರೆ ಎಂದು ಅವನು ಬರೆದಿಟ್ಟ. ಅಂದರೆ ಬೆಂಗಳೂರು ಪೇಟೆಯ ಮಗ್ಗಗಳು ನಡೆಯುತ್ತಿದ್ದುದು ಸುತ್ತಲ ಹಳ್ಳಿಗಳ ಹೆಂಗಸರು ಮನೆಗೆಲಸದ ನಡುನಡುವೆ ತೆಗೆದ ಎಳೆಯಿಂದ. ಸಂತೆಯಲ್ಲಿ ಚೌಕಾಸಿ ಮಾಡಿ ಪಡೆದ ನಾಲ್ಕು ಕಾಸು ಅವರ ಕೈ ಸೇರುತ್ತಿತ್ತು. ಇಡೀ ದೇಶದಲ್ಲಿ ಹೆಂಗಸೊಬ್ಬಳು ಯಾರ ಮುಂದೆಯೂ ಕೈ ಚಾಚದೆ ಬದುಕಲು ಇದ್ದ ದಾರಿಗಳಲ್ಲಿ ನೂಲುವುದು ಎಲ್ಲಕ್ಕಿಂತ ಅಗಲವಾದದ್ದು.

ಆ ದಾರಿ ಮುಚ್ಚಿದ್ದನ್ನು ಬಂಗಾಳದ ಒಬ್ಬ ವಿಧವೆ ಪತ್ರಿಕೆಗೆ ಬರೆದು ತಿಳಿಸಿದಳು. 1828ರ ಜನವರಿಯಲ್ಲಿ ಸಮಾಚಾರ ದರ್ಪಣದಲ್ಲಿ ಅಚ್ಚಾದ ಆ ಕಾಗದ ಶಾಂತಿಪುರದ್ದು. ಬರೆದವಳು ಹೆಸರು ಹಾಕಲಿಲ್ಲ. ನೂಲುವ ದುಃಖಿನಿ ಎಂದಷ್ಟೇ ಹೇಳಿಕೊಂಡಳು. ಇಪ್ಪತ್ತೆರಡನೆಯ ವಯಸ್ಸಿಗೆ ಗಂಡ ತೀರಿಕೊಂಡ. ಮಡಿಲಲ್ಲಿ ಮೂರು ಹೆಣ್ಣುಮಕ್ಕಳು, ಮನೆಯಲ್ಲಿ ಮುದಿ ಅತ್ತೆ ಮಾವ. ಮೈಮೇಲಿದ್ದ ಒಡವೆ ಗಂಡನ ತಿಥಿಗೇ ಕರಗಿತು. ಬೆಳಿಗ್ಗೆ ಮನೆಗೆಲಸ ಮುಗಿಸಿ ಮಧ್ಯಾಹ್ನದವರೆಗೆ ರಾಟೆ, ಎಲ್ಲರಿಗೂ ಬಡಿಸಿ ತಾನುಂಡ ಮೇಲೆ ತಕಲಿಯಲ್ಲಿ ನಯದ ನೂಲು. ನೇಕಾರರು ಮನೆ ಬಾಗಿಲಿಗೇ ಬಂದು ರೂಪಾಯಿಗೆ ಮೂರು ತೊಲದಂತೆ ಕೊಳ್ಳುತ್ತಿದ್ದರು. ಕೇಳಿದಷ್ಟು ಮುಂಗಡವನ್ನೂ ಕೊಡುತ್ತಿದ್ದರು. ಆ ಹಣದಲ್ಲಿ ಅವಳು ಮೂರು ಮಕ್ಕಳ ಮದುವೆ ಮಾಡಿದಳು. ಮಾವ ಸತ್ತಾಗ ನೇಕಾರರಿಂದ 44 ರೂಪಾಯಿ ಸಾಲ ಎತ್ತಿ ಶ್ರಾದ್ಧ ನಡೆಸಿ, ಒಂದೂವರೆ ವರ್ಷದಲ್ಲಿ ತೀರಿಸಿದಳು. ಗಂಡು ದಿಕ್ಕಿಲ್ಲದ ಮನೆಯ ಮಾನವನ್ನು ಒಂದು ರಾಟೆ ಕಾಯಿತು.

ಆಮೇಲೆ ಮೂರು ವರ್ಷ ನೇಕಾರರು ಅವಳ ಮನೆಯ ಕಡೆ ತಲೆ ಹಾಕಲಿಲ್ಲ. ಪೇಟೆಗೆ ಕಳಿಸಿದರೆ ಹಿಂದಿನ ಬೆಲೆಯ ಕಾಲು ಭಾಗವೂ ಹುಟ್ಟಲಿಲ್ಲ. ಅತ್ತೆ ಸೊಸೆ ಇಬ್ಬರೂ ಉಪವಾಸ ಬಿದ್ದರು. ವಿಲಾಯತಿಯಿಂದ ನೂಲು ಬರುತ್ತಿದೆ ಎಂದು ಜನ ಹೇಳಿದರು. ಅದರ ಬೆಲೆ ಕೇಳಿ ಅವಳು ಹಣೆ ಹಣೆ ಬಡಿದುಕೊಂಡಳು. ಇಷ್ಟು ಅಗ್ಗಕ್ಕೆ ಮಾರುತ್ತಾರೆಂದರೆ ಅಲ್ಲಿ ನೂಲುವ ಅಕ್ಕತಂಗಿಯರು ನನಗಿಂತಲೂ ಎಷ್ಟು ಕಡುಬಡವರಿರಬೇಕು ಎಂದು ಮರುಗಿದಳು! ತನ್ನ ಅನ್ನ ಕಸಿದ ನೂಲನ್ನು ಹಿಡಿದು, ಅದನ್ನು ನೂತವಳಿಗಾಗಿ ನೊಂದ ಇಂಥ ಮನಸ್ಸನ್ನು ನಾನು ಚರಿತ್ರೆಯ ಬೇರೆ ಯಾವ ದಾಖಲೆಯಲ್ಲಿಯೂ ಕಂಡಿಲ್ಲ.

ಅವಳು ಊಹಿಸಿದ್ದರಲ್ಲಿ ಅರ್ಧ ನಿಜವಿತ್ತು. ಆ ನೂಲು ಮನೆಯ ರಾಟೆಯದಲ್ಲ, ಲ್ಯಾಂಕಾಷೈರಿನ ಗಿರಣಿಗಳದ್ದು. ಅಲ್ಲಿ ಹೆಂಗಸರೂ ಮಕ್ಕಳೂ ಕತ್ತಲೆಯಿಂದ ಕತ್ತಲೆಯವರೆಗೆ ನಿಂತು ದುಡಿಯುತ್ತಿದ್ದರು. ಗಿರಣಿಯ ಹೆಂಗಸರ ದುಡಿಮೆಗೆ ದಿನಕ್ಕೆ 12 ಗಂಟೆಯೆಂಬ ಮಿತಿ ಕಾನೂನಿನಲ್ಲಿ ಬಂದದ್ದೇ 1844ರಲ್ಲಿ. ಇನ್ನರ್ಧ ಸತ್ಯ ಅವಳಿಗೆ ತಿಳಿಯುವಂತಿರಲಿಲ್ಲ. ನೂಲುವುದು ಇಂಗ್ಲೆಂಡಿನಲ್ಲಿಯೂ ತಲೆತಲಾಂತರದಿಂದ ಹೆಂಗಸರ ಕೆಲಸವೇ ಆಗಿತ್ತು. ಮ್ಯೂಲ್ ಎಂಬ ದೊಡ್ಡ ಯಂತ್ರ ಬಂದು ನೂಲುವವನಿಗೆ ಒಳ್ಳೆಯ ಕೂಲಿ ಸಿಗತೊಡಗಿದಾಗ ಅದು ಗಂಡಸರ ಕಸುಬಾಯಿತು. ಶಾಂತಿಪುರದ ಕಾಗದ ಅಚ್ಚಾದ ಮರುವರ್ಷ, 1829ರ ಡಿಸೆಂಬರಿನಲ್ಲಿ, ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ನೂಲುವ ಕಾರ್ಮಿಕರ ದೊಡ್ಡ ಸಭೆ ಸೇರಿತು. ಅಲ್ಲಿ ಹುಟ್ಟಿದ ಮಹಾಸಂಘ ಹೆಂಗಸರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಲಿಲ್ಲ. ಬೇಕಾದರೆ ನಿಮ್ಮದೇ ಸಂಘ ಕಟ್ಟಿಕೊಳ್ಳಿ ಎಂದಿತು. ಒಡೆಯರ ವಿರುದ್ಧ ಎದೆಯೊಡ್ಡಿ ನಿಂತ ಶೂರರೇ ಅವರು. ಪಕ್ಕದಲ್ಲಿ ನಿಂತು ದುಡಿಯುತ್ತಿದ್ದ ಹೆಣ್ಣಿಗೆ ಮಾತ್ರ ಬಾಗಿಲು ಹಾಕಿದರು.

ಶಾಂತಿಪುರದ ಆ ಕಾಗದವನ್ನು ನೂರು ವರ್ಷದ ಮೇಲೆ, 1931ರಲ್ಲಿ, ಗಾಂಧೀಜಿ ಯಂಗ್ ಇಂಡಿಯಾದಲ್ಲಿ ಮತ್ತೆ ಅಚ್ಚು ಹಾಕಿದರು. ರಾಟೆ ಅಷ್ಟರಲ್ಲಿ ರಾಷ್ಟ್ರದ ಬಾವುಟಕ್ಕೆ ಏರಿತ್ತು. ಆದರೆ ಖಾದಿ ಉಟ್ಟ ದೇಶಭಕ್ತರ ನಡುವೆಯೂ ನೂಲುವವಳ ಕೂಲಿ ಮಾತ್ರ ತಳದಲ್ಲಿಯೇ ಇತ್ತು. 1935ರಲ್ಲಿ ಗಾಂಧೀಜಿ, ನೂಲುವವಳಿಗೆ ಹೊಟ್ಟೆ ತುಂಬುವಷ್ಟು ಕೂಲಿ ಕೊಡಲೇಬೇಕೆಂದು ಹಟ ಹಿಡಿದರು. ಖಾದಿಯ ಬೆಲೆ ಏರುತ್ತದೆ, ಕೊಳ್ಳುವವರು ಕಡಿಮೆಯಾಗುತ್ತಾರೆ ಎಂದು ಅವರ ಸಂಗಡಿಗರೇ ಹೆದರಿದರು. ಬಡ ಹೆಂಗಸಿನ ಹೊಟ್ಟೆಗೆ ಹೊಡೆದು ಬಟ್ಟೆ ಅಗ್ಗ ಮಾಡುವ ಪದ್ಧತಿ ಸ್ವದೇಶಿಯ ಒಳಗೂ ಮನೆಮಾಡಿತ್ತು. ಅದನ್ನು ಗುರುತಿಸಿ ಎದುರಿಸಿದ್ದು ಅವರ ದೊಡ್ಡತನ.

ಇಂದು ಬೆಂಗಳೂರಿನ ಸುತ್ತ ಲಕ್ಷಗಟ್ಟಲೆ ಹೆಣ್ಣುಮಕ್ಕಳು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಬುಕಾನನ್ ಕಂಡ ಸಂತೆಗಳ ಊರುಗಳಿಂದಲೇ ಬಸ್ಸು, ವ್ಯಾನು ತುಂಬಿಕೊಂಡು ಬರುತ್ತಾರೆ. ಒಂದೊಂದು ಲೈನಿನಲ್ಲಿ ಸಾಲಾಗಿ ಹೊಲಿಗೆ ಯಂತ್ರಗಳು. ಒಬ್ಬಳದು ಬರೀ ಕಾಲರು, ಇನ್ನೊಬ್ಬಳದು ಬರೀ ಜೇಬು. ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ಟು ತಲೆಯ ಮೇಲೆ. ಹೊಲಿಯುವವರು ಹೆಂಗಸರು, ಟಾರ್ಗೆಟ್ಟು ಕೇಳುವ ಸೂಪರ್‌ವೈಸರು, ಮ್ಯಾನೇಜರು ಬಹುಪಾಲು ಗಂಡಸರು. ಬೈಗುಳ, ಶೌಚಾಲಯಕ್ಕೆ ಹೋಗಲೂ ಲೆಕ್ಕ ಕೊಡಬೇಕಾದ ಅವಮಾನ ಇವನ್ನು ಆ ಕಾರ್ಮಿಕರು ವರ್ಷಗಳಿಂದ ಹೇಳಿಕೊಂಡೇ ಬಂದಿದ್ದಾರೆ.

ಕೆಲಸ ಮುಗಿಸಿ ಮನೆ ಸೇರಿದರೆ ಇನ್ನೊಂದು ಪಾಳಿ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಕೂಲಿಯಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಟ್ಟರೆ ಗಂಡಸರು ಕೊಡುವುದು 97 ನಿಮಿಷ. ಶಾಂತಿಪುರದವಳು ರಾಟೆಗೆ ಕೂರುವ ಮುನ್ನವೂ ಎದ್ದ ಮೇಲೆಯೂ ಮಾಡುತ್ತಿದ್ದ ಕೆಲಸ ಇದೇ. 2011ರ ಜನಗಣತಿಯಲ್ಲಿ ಮನೆಗೆಲಸವೇ ತಮ್ಮ ಮುಖ್ಯ ಕೆಲಸವೆಂದು ಹೇಳಿದ ಹೆಂಗಸರು ಸುಮಾರು 16 ಕೋಟಿ, ಗಂಡಸರು 58 ಲಕ್ಷದಷ್ಟು. ಈ ಅಂಕಿಗಳನ್ನು ಸುಪ್ರೀಂ ಕೋರ್ಟ್ 2021ರ ಜನವರಿಯ ತೀರ್ಪೊಂದರಲ್ಲಿ ಎತ್ತಿ ಹೇಳಿ, ಗೃಹಿಣಿಯ ದುಡಿಮೆಗೂ ಆದಾಯವೆಂದು ಬೆಲೆ ಕಟ್ಟಬೇಕು ಎಂದಿತು. ಅದು ರಸ್ತೆ ಅಪಘಾತದಲ್ಲಿ ಗಂಡ ಹೆಂಡತಿ ಇಬ್ಬರೂ ತೀರಿಕೊಂಡ ಪ್ರಕರಣ. ಬದುಕಿದ್ದಾಗ ಯಾರೂ ಕಟ್ಟದ ಬೆಲೆಯನ್ನು ಪರಿಹಾರದ ಅರ್ಜಿಯಲ್ಲಿ ಕಟ್ಟಬೇಕಾಯಿತು.

2016ರ ಫೆಬ್ರುವರಿಯಲ್ಲಿ ಭವಿಷ್ಯನಿಧಿಯ ನಿಯಮ ಬದಲಾಯಿತು. ಪಿ.ಎಫ್. ಖಾತೆಗೆ ಮಾಲೀಕರು ತುಂಬಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಾಯಿತು. ಬೆನ್ನು, ಕಣ್ಣು ಸೋತು ನಲವತ್ತರ ಆಸುಪಾಸಿಗೇ ಕೆಲಸ ಬಿಡುವ ಗಾರ್ಮೆಂಟ್ಸ್ ಹೆಂಗಸರಿಗೆ 58 ಎಂಬುದು ದೂರದ ಮಾತು. ಮಗಳ ಮದುವೆ, ಮಗನ ಫೀಸು, ಕೈಸಾಲ ಎಲ್ಲಕ್ಕೂ ಅವರು ನೆಚ್ಚಿದ್ದ ಗಂಟು ಅದೊಂದೇ. ಏಪ್ರಿಲ್ 18ರ ಬೆಳಿಗ್ಗೆ ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲಿ ಹೆಂಗಸರು ಯಂತ್ರ ಬಿಟ್ಟು ಬೀದಿಗಿಳಿದರು. ಕರೆ ಕೊಟ್ಟ ದೊಡ್ಡ ನಾಯಕರಿಲ್ಲ, ವೇದಿಕೆಯಿಲ್ಲ, ಮೈಕಿಲ್ಲ. ಒಂದು ಕಾರ್ಖಾನೆಯ ಗೇಟಿನಿಂದ ಇನ್ನೊಂದರ ಗೇಟಿಗೆ ಸುದ್ದಿ ಹಬ್ಬಿತು. ಮರುದಿನದ ಹೊತ್ತಿಗೆ ನಗರದ ಹಲವು ಹೆದ್ದಾರಿಗಳು ನಿಂತುಹೋದವು. ಲಾಠಿ ಬೀಸಿತು, ಅಶ್ರುವಾಯು ಹಾರಿತು, ಬಸ್ಸುಗಳು ಸುಟ್ಟವು. ಪತ್ರಿಕೆಗಳ ಮುಖಪುಟದಲ್ಲಿ ಬೆಂಕಿಯ ಚಿತ್ರಗಳು ಬಂದಷ್ಟು ಅವರ ಸಂಬಳದ ಚೀಟಿಯ ವಿವರ ಬರಲಿಲ್ಲ.

ಏಪ್ರಿಲ್ 19ರಂದು ಕೇಂದ್ರ ಸರ್ಕಾರ ಆ ಅಧಿಸೂಚನೆಯನ್ನು ಹಿಂತೆಗೆದುಕೊಂಡಿತು. ದೇಶದ ಕೋಟ್ಯಂತರ ಪಿ.ಎಫ್. ಖಾತೆದಾರರಿಗೆ, ಅವರಲ್ಲಿ ದೊಡ್ಡ ಸಂಬಳದ ಗಂಡಸರಿಗೂ, ಅದರಿಂದ ಅನುಕೂಲವಾಯಿತು. ಬೊಮ್ಮನಹಳ್ಳಿಯ ಹೆಂಗಸರು ಕೇಳಿದ್ದು ಹೊಸ ಸವಲತ್ತಲ್ಲ, ಯಾರ ದಯೆಯನ್ನೂ ಅಲ್ಲ. ತಮ್ಮ ದುಡಿಮೆಯ ಹಣ ತಮ್ಮ ಕೈಗೆ ಯಾವಾಗ ಬರಬೇಕು ಎಂಬುದನ್ನು ತಾವೇ ನಿರ್ಧರಿಸುತ್ತೇವೆ ಎಂದು ಅವರು ಹೇಳಿದರು, ಎರಡು ದಿನದಲ್ಲಿ ಅದನ್ನು ಗೆದ್ದರು, ಆಮೇಲೆ ಟಾರ್ಗೆಟ್ಟಿಗೆ ಮರಳಿದರು.